ಕಾದ ವಾಲ್ವಿನ ನಾದ

ಹಳೆಯ ರೇಡಿಯೊ ಇದ್ದ ಮನೆಗಳಲ್ಲಿ ಬೆಳೆದವರಿಗೆ ಒಂದು ಸಂಗತಿ ನೆನಪಿರಬಹುದು. ಗುಂಡಿ ತಿರುಗಿಸಿದ ಕೂಡಲೇ ಅದು ಮಾತಾಡುತ್ತಿರಲಿಲ್ಲ. ಮೊದಲು ಸ್ಟೇಷನ್ನುಗಳ ಹೆಸರು ಬರೆದ ಗಾಜಿನ ಹಿಂದೆ ದೀಪ ಹತ್ತುತ್ತಿತ್ತು. ಆಮೇಲೆ ಗುಂಯ್ ಎಂಬ ಸಣ್ಣ ಸದ್ದು. ಅರ್ಧ ನಿಮಿಷದ ಹೊತ್ತಿಗೆ, ದೂರದಿಂದ ಯಾರೋ ಮಾತಾಡುತ್ತ ಹತ್ತಿರ ಬಂದಂತೆ, ದನಿ ತುಂಬಿಕೊಳ್ಳುತ್ತಿತ್ತು. ಪೆಟ್ಟಿಗೆಯ ಹಿಂಬದಿಯ ರಟ್ಟಿನ ತೂತುಗಳಲ್ಲಿ ಇಣುಕಿದರೆ ಗಾಜಿನ ಬುರುಡೆಗಳೊಳಗೆ ಕೆಂಡದಂಥ ಕೆಂಪು. ಮೂಗಿಗೆ ಕಾದ ಧೂಳಿನ ವಾಸನೆ. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ದಾರಿಯ ಮೂರ್ನಾಡಿನಂಥ ಊರಿನಲ್ಲಿ, ಮಳೆ ಮನೆಯಿಂದ ಹೊರಗೆ ಕಾಲಿಡಲು ಬಿಡದ ತಿಂಗಳುಗಳಲ್ಲಿ, ಆ ಪೆಟ್ಟಿಗೆಯೇ ಹೊರಗಿನ ಲೋಕವಾಗಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಅದು ಅಟ್ಟ ಸೇರಿತು. ಕೆಲವು ಮನೆಗಳಲ್ಲಿ ಇನ್ನೂ ಅಲ್ಲೇ ಇದೆ. ಎಷ್ಟೋ ಮನೆಗಳಿಂದ ಗುಜರಿಯವನ ಗಾಡಿ ಏರಿದೆ.

ಆ ಬುರುಡೆಗಳಿಗೆ ಯಾರೂ ಎಣಿಸದ ಕಡೆಯಿಂದ ಗಿರಾಕಿಗಳು ಬಂದಿದ್ದಾರೆ. ಅವರು ರೇಡಿಯೊ ಕೇಳುವವರಲ್ಲ, ವಿದ್ಯುತ್ ಗಿಟಾರ್ ನುಡಿಸುವವರು. ಜಗತ್ತಿನಾದ್ಯಂತ ಗಿಟಾರ್ ವಾದಕರು 1950ರ ದಶಕದ ನಕ್ಷೆಯಂತೆ, ಅದೇ ವಾಲ್ವುಗಳನ್ನಿಟ್ಟು ಕೈಯಲ್ಲೇ ಬೆಸುಗೆ ಹಾಕಿದ ಆಂಪ್ಲಿಫೈಯರುಗಳಿಗೆ ದೊಡ್ಡ ಮೊತ್ತ ತೆರುತ್ತಾರೆ. ಅವು ಭಾರ, ಬಿಸಿ, ದುಬಾರಿ, ವಿದ್ಯುತ್ತನ್ನು ಕುಡಿಯುತ್ತವೆ. ಉಗುರಿನಷ್ಟು ಜಾಗದಲ್ಲಿ ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳನ್ನು ಕೂಡಿಸುವ ಕಾಲದಲ್ಲಿ ಇದೆಂಥ ಹುಚ್ಚು ಎಂದು ಕೇಳಿದರೆ ಅವರು ಕೊಡುವುದು ಒಂದೇ ಉತ್ತರ: ‘ಆ ನಾದ ಬೇರೆ ಯಾವುದರಲ್ಲೂ ಬರುವುದಿಲ್ಲ’. ಈ ಮಾತಿನಲ್ಲಿ ನಿಜವೆಷ್ಟು, ಭಕ್ತಿಯೆಷ್ಟು ಎಂದು ತೂಗಿ ನೋಡುವುದು ಒಳ್ಳೆಯದು. ಏಕೆಂದರೆ ಇದರಲ್ಲಿ ಬೆಂಗಳೂರಿನ ಜಾಲಹಳ್ಳಿಗೂ ಒಂದು ಪಾತ್ರವಿದೆ, ನಮ್ಮ ತಂಬೂರಿಗೂ ಇದೆ.

ಮೊದಲು ಗಿಟಾರಿನ ವಿಷಯ. ಸಾಮಾನ್ಯ ಗಿಟಾರಿಗೆ ಟೊಳ್ಳಾದ ಒಡಲಿದೆ. ತಂತಿಯ ಕಂಪನವನ್ನು ಆ ಮರದ ಪೆಟ್ಟಿಗೆಯೇ ದೊಡ್ಡದು ಮಾಡುತ್ತದೆ. ವಿದ್ಯುತ್ ಗಿಟಾರಿನದು ಹೆಚ್ಚಾಗಿ ಗಟ್ಟಿ ಹಲಗೆ. ಅದನ್ನು ಹಾಗೇ ನುಡಿಸಿದರೆ ಪಕ್ಕದ ಕೋಣೆಗೂ ಕೇಳದು. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಪೂರವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ತಂತಿ ಅಲುಗಿದಾಗ ಸುರುಳಿಯಲ್ಲಿ ವೋಲ್ಟಿನ ಹತ್ತನೆಯ ಒಂದು ಭಾಗದ ಆಸುಪಾಸಿನಷ್ಟು ವಿದ್ಯುತ್ತು ಹುಟ್ಟುತ್ತದೆ. ಅದನ್ನು ಹಿಗ್ಗಿಸಿ ಸ್ಪೀಕರಿನ ಕಾಗದದ ಶಂಕುವನ್ನು ನಡುಗಿಸುವುದು ಆಂಪ್ಲಿಫೈಯರಿನ ಕೆಲಸ. ಹಾಗಾಗಿ ವೀಣೆಗೆ ಕೊಡ ಹೇಗೋ ವಿದ್ಯುತ್ ಗಿಟಾರಿಗೆ ಆಂಪ್ಲಿಫೈಯರ್ ಹಾಗೆ. ಅದನ್ನು ಭಾಷಣದ ಮೈಕ್‌ಸೆಟ್ಟಿನ ಸಾಲಿಗೆ ಸೇರಿಸುವುದು ತಪ್ಪು. ಮೈಕ್‌ಸೆಟ್ಟು ಇದ್ದುದನ್ನು ಇದ್ದಂತೆ ದೊಡ್ಡದು ಮಾಡಬೇಕು. ಗಿಟಾರಿನ ಆಂಪ್ಲಿಫೈಯರ್ ಅರ್ಧ ವಾದ್ಯವೇ ಆಗಿದೆ.

ಇನ್ನು ವಾಲ್ವು. ನಮ್ಮ ಪಠ್ಯಪುಸ್ತಕಗಳು ಇದನ್ನು ನಿರ್ವಾತ ನಳಿಕೆ ಎಂದು ಕರೆಯುತ್ತವೆ. ರಿಪೇರಿಯವರಿಗೆ ಅದು ಯಾವತ್ತೂ ವಾಲ್ವೇ. ದೀಪದ ಬುರುಡೆಯೊಳಗೆ ಕಾದ ತಂತಿಯಿಂದ ಏನೋ ಹೊರಟು ಎದುರಿನ ಲೋಹದ ತಗಡಿಗೆ ಹರಿಯುತ್ತದೆಂಬುದನ್ನು 1880ರ ದಶಕದಲ್ಲಿ ಎಡಿಸನ್ ಗಮನಿಸಿದ್ದ. ಅದನ್ನು ಉಪಯೋಗಕ್ಕೆ ತಂದವನು ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್, 1904ರಲ್ಲಿ. ಎರಡು ವರ್ಷಗಳ ಬಳಿಕ ಅಮೆರಿಕದ ಲೀ ಡಿ ಫಾರೆಸ್ಟ್ ಆ ಕಾದ ಭಾಗಕ್ಕೂ ತಗಡಿಗೂ ನಡುವೆ ಮೂರನೆಯದೊಂದನ್ನು ತೂರಿಸಿದ. ಅದೇ ಗ್ರಿಡ್ಡು, ತಂತಿಯ ಒಂದು ಸಣ್ಣ ಜಾಲರಿ. ಗದ್ದೆಗೆ ನೀರು ಬಿಡುವ ತೂಬಿನ ಹಲಗೆಯನ್ನು ನೆನಪಿಸಿಕೊಳ್ಳಿ. ಹಲಗೆಯನ್ನು ಒಂದಿಷ್ಟು ಎತ್ತಿ ಇಳಿಸುವುದಕ್ಕೆ ಮಗುವಿನ ಬಲ ಸಾಕು. ಆದರೆ ಅದರ ಕೆಳಗೆ ಹರಿಯುವ ನೀರಿನ ಬಲ ದೊಡ್ಡದು. ಗಿಟಾರಿನಿಂದ ಬಂದ ದುರ್ಬಲ ವಿದ್ಯುತ್ತು ಗ್ರಿಡ್ಡೆಂಬ ಹಲಗೆಯನ್ನು ಅಲುಗಿಸುತ್ತದೆ; ಇನ್ನೂರೈವತ್ತು ಮುನ್ನೂರು ವೋಲ್ಟಿನ ಸೆಳೆತದಲ್ಲಿ ಹರಿಯುವ ಎಲೆಕ್ಟ್ರಾನುಗಳ ಹೊಳೆ ಅದೇ ತಾಳಕ್ಕೆ ಏರುತ್ತದೆ, ಇಳಿಯುತ್ತದೆ. ರೇಡಿಯೊ ಅರ್ಧ ನಿಮಿಷ ಸುಮ್ಮನಿರುತ್ತಿದ್ದುದು ಈ ಹೊಳೆ ಹುಟ್ಟುವ ಭಾಗ ಕಾಯಲಿ ಎಂದು.

ತೂಬಿಗೆ ಎರಡು ಮಿತಿಗಳಿವೆ. ಪೂರ್ತಿ ಮುಚ್ಚಿದ ಮೇಲೆ ಇನ್ನೂ ಮುಚ್ಚಲಾಗದು. ಪೂರ್ತಿ ತೆರೆದ ಮೇಲೆ ಕಾಲುವೆಯಲ್ಲಿ ಇರುವುದಕ್ಕಿಂತ ಹೆಚ್ಚು ನೀರು ಬಾರದು. ವಾಲ್ವಿಗೂ ಹಾಗೆಯೇ, ಟ್ರಾನ್ಸಿಸ್ಟರಿಗೂ ಹಾಗೆಯೇ. ಒಳಗೆ ಬರುವ ಅಲೆ ಈ ಮಿತಿ ದಾಟಿದರೆ ಹೊರಗೆ ಬರುವ ಅಲೆಯ ತಲೆ ಚಪ್ಪಟೆಯಾಗುತ್ತದೆ. ಎಂಜಿನಿಯರುಗಳು ಇದನ್ನು ವಿಕೃತಿ ಎನ್ನುತ್ತಾರೆ, ಮತ್ತು ಅದು ದೋಷವೇ. ವ್ಯತ್ಯಾಸ ಇರುವುದು ಮಿತಿಯನ್ನು ಮುಟ್ಟುವ ರೀತಿಯಲ್ಲಿ. ಸಾಮಾನ್ಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ಹೊರಗೆ ಹೋದ ಅಲೆಯ ಒಂದು ಪಾಲನ್ನು ಮರಳಿ ಒಳಗೆ ತಂದು, ತಪ್ಪನ್ನು ತಾನೇ ತಿದ್ದಿಕೊಳ್ಳುವ ವ್ಯವಸ್ಥೆ ಬಲವಾಗಿರುತ್ತದೆ. ಮಿತಿಯವರೆಗೂ ಅದು ನಿಷ್ಠಾವಂತ. ಮಿತಿ ದಾಟಿದ ಗಳಿಗೆ ತಿದ್ದುವ ಶಕ್ತಿ ಸೋತು ಅಲೆಯ ತಲೆ ಕತ್ತಿಯಲ್ಲಿ ಕಡಿದಂತೆ ತುಂಡಾಗುತ್ತದೆ. ಹಳೆಯ ವಾಲ್ವ್ ಆಂಪ್ಲಿಫೈಯರುಗಳಲ್ಲಿ ಆ ತಿದ್ದುಪಡಿ ಕಡಿಮೆ, ಕೆಲವುದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಅಲೆ ಮಿತಿಯ ಹತ್ತಿರ ಹೋದ ಹಾಗೆಲ್ಲ ತಲೆ ಸವೆಯುತ್ತ, ಗುಂಡಾಗುತ್ತ ಬರುತ್ತದೆ, ನಮ್ಮ ಕಡೆಯ ಹುಲ್ಲುಬೆಟ್ಟಗಳ ನೆತ್ತಿಯಂತೆ. ಶುದ್ಧ ದನಿ ಎಲ್ಲಿ ಮುಗಿಯಿತು, ಒರಟು ದನಿ ಎಲ್ಲಿ ಹುಟ್ಟಿತು ಎಂದು ಗೆರೆ ಎಳೆಯಲಾಗದು. ಮೆಲ್ಲನೆ ಮೀಟಿದರೆ ಗಂಟೆಯಂತೆ ತಿಳಿಯಾದ ಸ್ವರ, ಬಲವಾಗಿ ಮೀಟಿದರೆ ಗಂಟಲು ಕಟ್ಟಿದ ಹಾಡುಗಾರನ ಉರಿ. ಅದೇ ಗುಂಡಿ, ಅದೇ ಮಟ್ಟ. ಬದಲಾದದ್ದು ಬೆರಳಿನ ಒತ್ತಡವಷ್ಟೆ. ವಾದಕರು ಮರುಳಾಗುವುದು ಇದಕ್ಕೆ.

ಅಲೆಯ ತಲೆ ಚಪ್ಪಟೆಯಾದರೆ ಕಿವಿಗೆ ಏನಾಗುತ್ತದೆ? ಮೂಲ ಸ್ವರದಲ್ಲಿ ಇಲ್ಲದ ಉಪಸ್ವರಗಳು ಹುಟ್ಟುತ್ತವೆ: ಮೂಲ ಕಂಪನದ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು, ಐದರಷ್ಟು ವೇಗದವು. ಇಲ್ಲಿ ತಂಬೂರಿಯನ್ನು ನೆನೆಯಬೇಕು. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ನೂಲಿನ ಎಳೆ ಸಿಕ್ಕಿಸುತ್ತಾರೆ. ಅದಕ್ಕೆ ಹೆಸರು ಜೀವ. ನೂಲಿಲ್ಲದಿದ್ದರೆ ತಂತಿ ಟಣ್ ಎಂದು ಸುಮ್ಮನಾಗುತ್ತದೆ. ಅದನ್ನು ಸರಿಯಾದ ಜಾಗಕ್ಕೆ ಸರಿಸಿದ ಕೂಡಲೇ ತಂತಿ ಕುದುರೆಯ ಬೆನ್ನನ್ನು ಸವರುತ್ತ ಝೇಂಕರಿಸುತ್ತದೆ, ಉಪಸ್ವರಗಳು ಮೇಲೆದ್ದು ಬರುತ್ತವೆ. ಸಿ.ವಿ. ರಾಮನ್ ಬೆಂಗಳೂರಿಗೆ ಬರುವುದಕ್ಕೆ ಮೊದಲು, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ತಂಬೂರಿ ಮತ್ತು ವೀಣೆಗಳ ಬಗ್ಗೆ ಬರೆದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಲಾರದು ಎಂಬುದಕ್ಕೆ ಪಶ್ಚಿಮದಲ್ಲಿ ಒಂದು ನಿಯಮವಿತ್ತು. ನಮ್ಮ ವಾದ್ಯಗಳಲ್ಲಿ ಹುಟ್ಟಲಾರದ ಆ ಉಪಸ್ವರವೂ ಸ್ಪಷ್ಟವಾಗಿ ಕೇಳುತ್ತದೆ, ಅದಕ್ಕೆ ಕಾರಣ ಕುದುರೆಯ ವಿಶೇಷ ಆಕಾರ ಎಂದು ಅವರು ತೋರಿಸಿದರು. ತಂತಿ ಕುದುರೆಗೆ ತಾಗುತ್ತ ಬಿಡುತ್ತ ಇರುವುದೂ ಲೆಕ್ಕದ ದೃಷ್ಟಿಯಿಂದ ಒಂದು ‘ದೋಷ’ವೇ. ಆ ದೋಷಕ್ಕೆ ನಮ್ಮವರು ಇಟ್ಟ ಹೆಸರು ಜೀವ ಎಂಬುದನ್ನು ಗಮನಿಸಿ.

ಸಾಮ್ಯ ಇಲ್ಲಿಗೇ ನಿಲ್ಲುವುದಿಲ್ಲ. ರಾಕ್ ಸಂಗೀತದ ಗಿಟಾರಿನಲ್ಲಿ ಹೆಚ್ಚು ಕೇಳುವ ಜೋಡಿ ಸ್ವರ ಯಾವುದು? ನಮ್ಮ ಲೆಕ್ಕದಲ್ಲಿ ಷಡ್ಜ, ಪಂಚಮ. ಏಕೆ ಅವೆರಡೇ? ವಿಕೃತಿಗೊಂಡ ಆಂಪ್ಲಿಫೈಯರಿನೊಳಗೆ ಎರಡು ಸ್ವರಗಳು ಒಟ್ಟಿಗೆ ಹೊಕ್ಕರೆ ಅವುಗಳ ಉಪಸ್ವರಗಳ ಜೊತೆಗೆ ಅವುಗಳ ಮೊತ್ತ ಮತ್ತು ವ್ಯತ್ಯಾಸದ ಸ್ವರಗಳೂ ಹುಟ್ಟುತ್ತವೆ. ಷಡ್ಜ ಪಂಚಮಗಳ ಅನುಪಾತ 2:3. ವ್ಯತ್ಯಾಸ 1, ಅಂದರೆ ಷಡ್ಜಕ್ಕಿಂತ ಒಂದು ಸ್ಥಾಯಿ ಕೆಳಗಿನ ಷಡ್ಜ. ಯಾರೂ ನುಡಿಸದ ಮಂದ್ರ ಷಡ್ಜವೊಂದು ತಾನಾಗಿ ಕೇಳುತ್ತದೆ; ದನಿಗೆ ನೆಲಗಟ್ಟು ಸಿಗುತ್ತದೆ. ಮೊತ್ತ 5, ಅಂದರೆ ಮೇಲಿನ ಸ್ಥಾಯಿಯ ಅಂತರ ಗಾಂಧಾರ. ಶ್ರುತಿಗೂಡಿದ ತಂಬೂರಿಯಲ್ಲಿ ಯಾವ ತಂತಿಗೂ ಕೂಡಿಸದ ಗಾಂಧಾರ ಹೊಮ್ಮುತ್ತದೆಂದು, ಅದನ್ನು ಸ್ವಯಂಭೂ ಗಾಂಧಾರವೆಂದು ಹಿರಿಯ ವಿದ್ವಾಂಸರು ಕೊಂಡಾಡುವುದುಂಟು. ಅದೂ ಇದೂ ಒಂದೇ ಗಾಂಧಾರ. ಗಿಟಾರಿನಲ್ಲಿ ಗಾಂಧಾರವನ್ನು ಬೇರೆಯಾಗಿ ಒತ್ತಿ ನುಡಿಸಿದರೋ ಕೆಸರು ಕಲಕಿದಂತಾಗುತ್ತದೆ. ಪಾಶ್ಚಾತ್ಯ ಮೆಟ್ಟಿಲುಗಳ ಸಮ ವಿಭಜನೆಯಲ್ಲಿ ಗಾಂಧಾರ ತನ್ನ ಸಹಜ ಜಾಗದಿಂದ ಸ್ವಲ್ಪ ಮೇಲಕ್ಕೆ ಸರಿದಿರುತ್ತದೆ. ಪಂಚಮ ಬಹುತೇಕ ತನ್ನ ಜಾಗದಲ್ಲೇ ಇರುತ್ತದೆ. ಮದರಾಸಿನ ಸಂಗೀತ ಸಭೆಯ ರಸಿಕರಿಗೆ ರಾಕ್ ಕಚೇರಿಯ ಗದ್ದಲ ಹಿಡಿಸದಿರಬಹುದು, ಆದರೆ ಅದರ ಅಡಿಪಾಯದ ಶ್ರುತಿ ಅವರಿಗೆ ಅಪರಿಚಿತವೇನಲ್ಲ.

ನಾದದ ಗುಟ್ಟೆಲ್ಲ ವಾಲ್ವಿನ ಒಳಗೇ ಇದೆ ಎಂದೂ ಅಲ್ಲ. ಊರಿನಲ್ಲಿ ಅಕ್ಕಿ ಗಿರಣಿ ಶುರುವಾದಾಗ ಮನೆಯ ಬಲ್ಬು ಒಂದು ಕ್ಷಣ ಮಂಕಾಗುವುದನ್ನು ನಾವು ಕಂಡಿದ್ದೇವೆ. ಹಳೆಯ ಆಂಪ್ಲಿಫೈಯರಿನಲ್ಲಿ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುವ ಕೆಲಸವೂ ವಾಲ್ವಿನದೇ. ಗಿಟಾರನ್ನು ಜೋರಾಗಿ ಮೀಟಿದಾಗ ಒಮ್ಮೆಗೇ ಹೆಚ್ಚು ಕರೆಂಟು ಬೇಕಾಗಿ ಒಳಗಿನ ವೋಲ್ಟೇಜು ಕುಸಿಯುತ್ತದೆ, ಮತ್ತೆ ಚೇತರಿಸಿಕೊಳ್ಳುತ್ತದೆ. ಸ್ವರ ಮೊದಲು ಅದುಮಿದಂತಾಗಿ ಆಮೇಲೆ ಅರಳುತ್ತದೆ. ಒಳ್ಳೆಯ ಎಂಜಿನಿಯರ್ ನಾಚಿಕೊಳ್ಳಬೇಕಾದ ಬಡತನವಿದು. ವಾದಕನಿಗೆ ಅದೇ ಸ್ಪ್ರಿಂಗಿನಂಥ ಮೆತ್ತನೆ. ಇನ್ನು ಸ್ಪೀಕರು. ತಿದ್ದುಪಡಿ ಕಡಿಮೆಯಿರುವ ವಾಲ್ವ್ ಆಂಪ್ಲಿಫೈಯರ್ ಸ್ಪೀಕರಿನ ಶಂಕುವನ್ನು ಬಿಗಿಯಾಗಿ ಹಿಡಿಯುವುದಿಲ್ಲ, ಅದರ ಸ್ವಂತ ಕಂಪನಗಳಿಗೆ ಜಾಗ ಬಿಡುತ್ತದೆ. ಹನ್ನೆರಡು ಇಂಚಿನ ಕಾಗದದ ಶಂಕು ಸುಮಾರು ಐದು ಸಾವಿರ ಹರ್ಟ್ಸ್‌ಗಿಂತ ಮೇಲಿನದನ್ನು ಹೆಚ್ಚಾಗಿ ನುಂಗಿಬಿಡುತ್ತದೆ. ಕಿವಿಗೆ ಚುಚ್ಚುವ ಉಪಸ್ವರಗಳು ಅಲ್ಲೇ ಸತ್ತು, ಉಳಿದದ್ದು ದುಂಡಗೆ ಕೇಳುತ್ತದೆ. ಅದೇ ಆಂಪ್ಲಿಫೈಯರಿಗೆ ಹಾಡು ಕೇಳುವ ಒಳ್ಳೆಯ ಹೈಫೈ ಸ್ಪೀಕರು ಜೋಡಿಸಿದರೆ ಜೇನುಗೂಡಿಗೆ ಕಲ್ಲು ಹೊಡೆದಂತಿರುತ್ತದೆ.

ಇಷ್ಟೆಲ್ಲವನ್ನು ಯಾರೋ ಕುಳಿತು ಲೆಕ್ಕ ಹಾಕಿ ಸೃಷ್ಟಿಸಿದರೆಂದುಕೊಂಡರೆ ತಪ್ಪು. ಇದು ರೇಡಿಯೊ ರಿಪೇರಿ ಅಂಗಡಿಯ ಕೂಸು. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ 1938ರಲ್ಲಿ ಲಿಯೊ ಫೆಂಡರ್ ಎಂಬಾತ ರೇಡಿಯೊ ರಿಪೇರಿ ಅಂಗಡಿ ತೆರೆದ. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ವಾಲ್ವ್ ಕಂಪನಿಗಳು ರಿಪೇರಿಯವರಿಗಾಗಿ ಅಚ್ಚು ಹಾಕಿಸುತ್ತಿದ್ದ ಪುಸ್ತಕಗಳ ನಕ್ಷೆಗಳನ್ನು ಅವನು ವಾದಕರ ಅಗತ್ಯಕ್ಕೆ ಹೊಂದಿಸಿದ. ರಿಪೇರಿಯವನಾದ್ದರಿಂದ ಬಿಚ್ಚಲು ಸುಲಭವಾಗುವಂತೆಯೇ ಕಟ್ಟಿದ. ಎಪ್ಪತ್ತು ವರ್ಷ ದಾಟಿದ ಅವನ ಪೆಟ್ಟಿಗೆಗಳು ಇಂದಿಗೂ ದುಡಿಯುತ್ತಿರಲು ಅದೂ ಒಂದು ಕಾರಣ. ಅವನ ಗುರಿ ತಿಳಿಯಾದ ದನಿಯಾಗಿತ್ತು. ಒರಟುತನ ಬಂದದ್ದು ವಾದಕರು ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ್ದರಿಂದ. ಲಂಡನ್ನಿನ ಪಶ್ಚಿಮದಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ದುಬಾರಿ ಅಮೆರಿಕನ್ ಮಾಲು ತರಿಸಲಾಗದ ತನ್ನ ಗಿರಾಕಿಗಳಿಗಾಗಿ 1962ರಲ್ಲಿ ಫೆಂಡರನ ‘ಬಾಸ್‌ಮ್ಯಾನ್’ ಎಂಬ ಮಾದರಿಯನ್ನು ತನ್ನ ಕೆಲಸಗಾರರಿಂದ ಬಹುಪಾಲು ನಕಲು ಮಾಡಿಸಿದ. ಇಂಗ್ಲೆಂಡಿನಲ್ಲಿ ಸಿಗುವ ಬಿಡಿಭಾಗಗಳು ಬೇರೆಯಾದ್ದರಿಂದ ದನಿಯೂ ಬೇರೆಯಾಯಿತು. ಮುಂದೆ ಅದೇ ರಾಕ್ ಸಂಗೀತದ ಗರ್ಜನೆ ಎನಿಸಿತು. ಅದಕ್ಕೂ ಸ್ವಲ್ಪ ಮೊದಲೇ ಡಿಕ್ ಡೆನ್ನಿ ಎಂಬವನು ವೋಕ್ಸ್ ಕಂಪನಿಗಾಗಿ ‘ಎಸಿ30’ ಎಂಬ ಮೂವತ್ತು ವಾಟಿನ ಪೆಟ್ಟಿಗೆ ರೂಪಿಸಿದ್ದ. ಬೀಟಲ್ಸ್ ತಂಡದ ಆರಂಭದ ವರ್ಷಗಳ ಗಿಟಾರಿನ ಮಿಂಚು ಅದರದು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವೀಸ್ ಒಂದು ಅಗ್ಗದ ಪುಟ್ಟ ಆಂಪ್ಲಿಫೈಯರಿನ ಸ್ಪೀಕರ್ ಕಾಗದವನ್ನು ಬ್ಲೇಡಿನಿಂದ ಸೀಳಿ ಬೇಕಾದ ಒರಟು ದನಿ ಪಡೆದ ಕಥೆ ಈಗ ಪುರಾಣವಾಗಿದೆ.

ಎಸಿ30ರ ಎದೆಯಲ್ಲಿ ಇದ್ದದ್ದು ನಾಲ್ಕು ‘ಇಎಲ್84’ ವಾಲ್ವುಗಳು. ಈ ಹೆಸರನ್ನು ಬಿಡಿಸಿ ನೋಡುವುದು ಉಪಯುಕ್ತ. ಯುರೋಪಿನ ಪದ್ಧತಿಯಲ್ಲಿ ಮೊದಲ ಅಕ್ಷರ ‘ಇ’ ಎಂದರೆ ಒಳಗಿನ ಕಾವಿನ ತಂತಿಗೆ 6.3 ವೋಲ್ಟು ಬೇಕೆಂದು. ‘ಎಲ್’ ಎಂದರೆ ಸ್ಪೀಕರಿಗೆ ಶಕ್ತಿ ಕೊಡುವ ಬಗೆ. 8 ಎಂದರೆ ಒಂಬತ್ತು ಕಾಲಿನ ಪೀಠ. ಯುರೋಪಿನ ಫಿಲಿಪ್ಸ್ ಕಂಪನಿ 1950ರ ದಶಕದ ಆರಂಭದಲ್ಲಿ ಇದನ್ನು ಹೊರತಂದದ್ದು ಗಿಟಾರಿಗಾಗಿ ಅಲ್ಲ, ಮನೆಯ ರೇಡಿಯೊಗಳಿಗಾಗಿ. ರೇಡಿಯೊದ ಕೊನೆಯ ಅರ್ಧವನ್ನು, ಅಂದರೆ ಗಾಳಿಯಿಂದ ಹಿಡಿದ ಸಂಕೇತ ದನಿಯಾದ ಮೇಲಿನ ಭಾಗವನ್ನು, ಬಿಡಿಸಿ ಮೇಜಿನ ಮೇಲಿಟ್ಟರೆ ಅದೊಂದು ಸಣ್ಣ ಗಿಟಾರ್ ಆಂಪ್ಲಿಫೈಯರೇ. ಒಂದು ಇಎಲ್84ರಿಂದ ಐದು ವಾಟು ಮೀರದು. ಅದು ಅಲ್ಪವೆಂದು ತಿಳಿಯಬೇಡಿ. ದನಿ ಕಿವಿಗೆ ಎರಡರಷ್ಟಾಗಿ ಕೇಳಬೇಕಾದರೆ ವಾಟು ಸುಮಾರು ಹತ್ತರಷ್ಟಾಗಬೇಕು. ಐದು ವಾಟಿಗೂ ಐವತ್ತು ವಾಟಿಗೂ ಕಿವಿಯ ಲೆಕ್ಕದಲ್ಲಿ ಇಷ್ಟೇ ಅಂತರ. ವಾಲ್ವು ಹಾಡುವುದು ತನ್ನ ಮಿತಿಯ ಹತ್ತಿರ ತಾನೆ? ಮನೆಯಲ್ಲಿ ನುಡಿಸುವವನಿಗೆ ಐದು ವಾಟೇ ನೆರೆಯವರ ಜಗಳಕ್ಕೆ ಸಾಕು.

ನಮ್ಮ ನಾಡಿಗೆ ವಾಲ್ವು ಬಂದ ದಾರಿಯಲ್ಲೂ ಒಂದು ಮೂವತ್ತು ವಾಟಿದೆ. ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಆರಂಭಿಸಿದಾಗ ಅವರ ಬಳಿ ಇದ್ದದ್ದು ಮೂವತ್ತು ವಾಟಿನ ಫಿಲಿಪ್ಸ್ ಪ್ರಸಾರ ಯಂತ್ರ. ಅದೂ ವಾಲ್ವಿನದೇ; ಆಗ ಬೇರೆ ಇರಲಿಲ್ಲ, ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರಲ್ಲಿ. ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶಕ್ಕೆ ಹೋದದ್ದು ಅಲ್ಲಿಂದ. ಸ್ವಾತಂತ್ರ್ಯದ ಬಳಿಕ ವಾಲ್ವುಗಳಿಗಾಗಿ ಎಷ್ಟು ಕಾಲ ಹೊರದೇಶದ ಮುಖ ನೋಡುವುದು ಎಂಬ ಪ್ರಶ್ನೆ ಎದ್ದಿತು. ಸೇನೆಯ ಸಂಪರ್ಕ ಸಾಧನಗಳಿಗಾಗಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮೆಲ್ಲರ ಬಾಯಲ್ಲಿ ಬಿಇಎಲ್, ಬೆಂಗಳೂರಿನ ಜಾಲಹಳ್ಳಿಯಲ್ಲಿ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿತು. ಮರುವರ್ಷವೇ ಅಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರಿನಂಥ ಅರೆವಾಹಕಗಳೂ ಬಂದವು. ಹಳತು ಹೊಸತು ಒಂದೇ ಸೂರಿನಡಿ, ಒಂದು ವರ್ಷದ ಅಂತರದಲ್ಲಿ! ವಾಲ್ವ್ ಮಾಡುವುದು ಸಣ್ಣ ಕುಶಲವಲ್ಲ. ಕೂದಲೆಳೆಯ ಗ್ರಿಡ್ಡನ್ನು ಕೂದಲೆಳೆಯ ಅಂತರದಲ್ಲಿ ನಿಲ್ಲಿಸಬೇಕು, ಕಾವಿನ ಭಾಗಕ್ಕೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳ ಲೇಪ ಹಚ್ಚಬೇಕು, ಗಾಳಿಯನ್ನು ಎಳೆದು ಗಾಜನ್ನು ಕರಗಿಸಿ ಮುಚ್ಚಬೇಕು. ಹೀಗೆ ತಯಾರಾದ ಇಎಲ್84 ನಮ್ಮ ರೇಡಿಯೊಗಳಿಗೂ, ಮದುವೆ, ಜಾತ್ರೆ, ಚುನಾವಣೆಗಳ ಮೈಕ್‌ಸೆಟ್ಟುಗಳಿಗೂ ಹೋಯಿತು. ಕೊಡಗಿನ ವಾಲಗಕ್ಕೆ ಮೈಕು ಬೇಡ. ಕೊಂಬು ಕೊಟ್ಟುಗಳ ದನಿ ಗುಡ್ಡ ದಾಟಲು ಅದರ ಸ್ವಂತ ಬಲವೇ ಸಾಕು. ಗ್ರಾಮಫೋನ್ ತಟ್ಟೆಯ ಸಿನಿಮಾ ಹಾಡಿಗೆ ಮಾತ್ರ ಈ ಬುರುಡೆಗಳೇ ಗತಿಯಾಗಿದ್ದವು.

ನಮ್ಮಲ್ಲಿ ಗಿಟಾರಿಗೆ ಇದನ್ನು ಬಳಸಿದವರು ಕಡಿಮೆ ಇದ್ದಿರಬಹುದು. ಹೊರದೇಶದ ಆಂಪ್ಲಿಫೈಯರ್ ತರಿಸುವುದು ಆಮದು ನಿರ್ಬಂಧದ ಕಾಲದಲ್ಲಿ ಕನಸಿನ ಮಾತು. ಹಾಗಾದರೂ ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ ಅವರ ಚಿತ್ರಸಂಗೀತದಲ್ಲಿ ಗಿಟಾರಿಗೆ ಜಾಗವಿತ್ತು. ವೆಂಕಟೇಶರ ಬಳಿ ಗಿಟಾರ್ ನುಡಿಸುತ್ತ ಸಹಾಯಕರಾಗಿದ್ದ ಇಳಯರಾಜ 1981ರ ‘ಗೀತಾ’ ಚಿತ್ರಕ್ಕೆ ಸಂಗೀತ ಕೊಟ್ಟಾಗ ಕನ್ನಡದ ಒಂದು ತಲೆಮಾರೇ ಗಿಟಾರಿಗೆ ಸೋತಿತು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್ ತಂಡಗಳು ನುಡಿಸಿದಾಗ ಕೊಡಗಿನಿಂದಲೂ ಬಸ್ಸು ಹತ್ತಿ ಹೋದ ಹುಡುಗರಿದ್ದಾರು.

ಬಿಇಎಲ್ ವಾಲ್ವುಗಳ ಎರಡನೆಯ ಜನ್ಮ ಹೀಗೆ ಬಂತು. 1970, 80ರ ದಶಕಗಳಲ್ಲಿ ಪಶ್ಚಿಮದ ದೊಡ್ಡ ವಾಲ್ವ್ ಕಾರ್ಖಾನೆಗಳು ಒಂದೊಂದಾಗಿ ಬಾಗಿಲೆಳೆದವು. ಗಿಟಾರಿನವರು ಮಾತ್ರ ಬಿಡಲಿಲ್ಲ. ತಯಾರಿಕೆ ಮುಂದುವರಿದದ್ದು ಸೋವಿಯತ್ ಒಕ್ಕೂಟ, ಪೂರ್ವ ಯುರೋಪು ಮತ್ತು ಚೀನಾಗಳಲ್ಲಿ, ಅದೂ ಬಹುಮಟ್ಟಿಗೆ ಸೇನೆಯ ಕಾರಣದಿಂದ. 1976ರಲ್ಲಿ ಸೋವಿಯತ್ ಪೈಲಟ್ ಒಬ್ಬ ಮಿಗ್-25 ವಿಮಾನವನ್ನು ಜಪಾನಿನಲ್ಲಿಳಿಸಿ ಶರಣಾದಾಗ ಅದರೊಳಗೆ ವಾಲ್ವುಗಳನ್ನು ಕಂಡ ಅಮೆರಿಕನ್ನರು ಬೆರಗಾದರು. ಅಂಥ ಕಾರ್ಖಾನೆಗಳೇ ಇಂದಿಗೂ ಗಿಟಾರ್ ಲೋಕದ ಆಧಾರ: ರಷ್ಯಾದ ಸರಾಟೋವ್, ಸ್ಲೊವಾಕಿಯಾ, ಚೀನಾ. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದ ನಡುವೆ ರಷ್ಯಾ ರಫ್ತಿಗೆ ತಡೆ ಹಾಕಿದಾಗ ಅಮೆರಿಕದ ವ್ಯಾಪಾರಿಗಳು ಕಂಗಾಲಾದರು, ವಾಲ್ವುಗಳ ಬೆಲೆ ಏರಿತು. ಇಂಥ ಸ್ಥಿತಿಯಲ್ಲಿ ಹಿಂದಿನ ಕಾಲದಲ್ಲಿ ತಯಾರಾಗಿ ಬಳಕೆಯಾಗದೆ ಉಳಿದ ಹಳೆಯ ದಾಸ್ತಾನಿಗೆ ಬೇಡಿಕೆ ಬರುವುದು ಸಹಜ. ಜಾಲಹಳ್ಳಿಯ ಇಎಲ್84ಗಳು ಈ ಬಗೆಯ ದಾಸ್ತಾನಿನಲ್ಲಿ ಒಳ್ಳೆಯ ಹೆಸರು ಪಡೆದವು. ಮೂರ್ನಾಡಿನ ಮನೆಯೊಂದಕ್ಕೆ ವಾರ್ತೆ ಓದಲೆಂದು ತಯಾರಾದ ಜಾತಿಯ ವಾಲ್ವು ಅಮೆರಿಕದ ಯಾವುದೋ ಗ್ಯಾರೇಜಿನಲ್ಲಿ ಬ್ಲೂಸ್ ಹಾಡುತ್ತಿದೆ.

ಭಕ್ತಿಯ ಪಾಲಿನ ಬಗ್ಗೆಯೂ ಹೇಳಬೇಕು. ‘ವಾಲ್ವು ಸಮ ಸಂಖ್ಯೆಯ ಮಧುರ ಉಪಸ್ವರ ಕೊಡುತ್ತದೆ, ಟ್ರಾನ್ಸಿಸ್ಟರು ಬೆಸ ಸಂಖ್ಯೆಯ ಕರ್ಕಶ ಉಪಸ್ವರ ಕೊಡುತ್ತದೆ’ ಎಂಬುದು ಅಭಿಮಾನಿಗಳ ಗಾಯತ್ರಿ. ಒಂಟಿ ವಾಲ್ವಿನ ಸಣ್ಣ ಪೆಟ್ಟಿಗೆಗೆ ಇದು ಸ್ವಲ್ಪಮಟ್ಟಿಗೆ ನಿಜ. ಆದರೆ ಎಸಿ30, ಮಾರ್ಷಲ್‌ಗಳಲ್ಲಿ ವಾಲ್ವುಗಳು ಜೋಡಿಯಾಗಿ, ಒಂದು ತಳ್ಳಿದರೆ ಇನ್ನೊಂದು ಎಳೆಯುವಂತೆ ಕೆಲಸ ಮಾಡುತ್ತವೆ. ಆ ಜೋಡಣೆಯಲ್ಲಿ ಕೊನೆಯ ಹಂತದ ಸಮ ಉಪಸ್ವರಗಳು ಬಹುಪಾಲು ಪರಸ್ಪರ ರದ್ದಾಗಿ ಬೆಸವೇ ಮುಂದಾಗುತ್ತದೆ. ಅಂದರೆ ಜಗತ್ತು ಅತಿ ಹೆಚ್ಚು ಮೆಚ್ಚಿದ ಗಿಟಾರ್ ದನಿಗಳಲ್ಲಿ ಬೆಸ ಸಂಖ್ಯೆಯದೇ ದೊಡ್ಡ ಪಾಲು. ಮಾಧುರ್ಯ ಇರುವುದು ಸಮ ಬೆಸದಲ್ಲಿ ಅಲ್ಲ, ಮಿತಿಯನ್ನು ಮುಟ್ಟುವ ನಯದಲ್ಲಿ. ಬ್ಲೂಸ್‌ನ ದೊರೆ ಬಿ.ಬಿ. ಕಿಂಗ್ ಬಹುಕಾಲ ಮೆಚ್ಚಿ ನುಡಿಸಿದ ‘ಲ್ಯಾಬ್ ಸೀರೀಸ್’ ಆಂಪ್ಲಿಫೈಯರಿನಲ್ಲಿ ಒಂದೂ ವಾಲ್ವಿರಲಿಲ್ಲ, ಎಲ್ಲ ಟ್ರಾನ್ಸಿಸ್ಟರೇ. ಕಂಪ್ಯೂಟರಿನ ಲೆಕ್ಕದಿಂದ ವಾಲ್ವಿನ ದನಿಯನ್ನು ಅನುಕರಿಸುವ ಸಾಧನಗಳು 1990ರ ದಶಕದ ಕೊನೆಯಿಂದ ಸುಧಾರಿಸುತ್ತ ಬಂದು, ಧ್ವನಿಮುದ್ರಣ ಕೇಳಿ ಇದು ಯಾವುದೆಂದು ಹೇಳುವುದು ಪಳಗಿದ ಕಿವಿಗೂ ಕಷ್ಟವಾಗಿದೆ. ಕೇಳುವವನಿಗಿಂತ ನುಡಿಸುವವನಿಗೆ ವ್ಯತ್ಯಾಸ ಹೆಚ್ಚು ತಿಳಿಯುತ್ತದೆ ಎಂಬ ಮಾತನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಬೆರಳಿಗೂ ಸ್ಪೀಕರಿಗೂ ನಡುವೆ ಸಂವಾದವೊಂದು ನಡೆಯುತ್ತಿರುತ್ತದೆ. ಅದು ಧ್ವನಿಮುದ್ರಣದಲ್ಲಿ ಕಾಣಿಸದು.

ಇಷ್ಟು ಓದಿ ಯಾರಾದರೂ ಅಟ್ಟದ ರೇಡಿಯೊ ಇಳಿಸಿ ಗಿಟಾರ್ ಸಿಕ್ಕಿಸಲು ಹೊರಟರೆ ಅವರನ್ನು ತಡೆಯುವುದು ಈ ಲೇಖನದ ಕರ್ತವ್ಯ. ಹಿಂದೆ ಕೆಲವು ಊರುಗಳಲ್ಲಿ ನೇರ ವಿದ್ಯುತ್ತಿನ ಸರಬರಾಜೂ ಇದ್ದುದರಿಂದ ‘ಎಸಿ/ಡಿಸಿ’ ಸೆಟ್ಟುಗಳೆಂಬ ಅಗ್ಗದ ರೇಡಿಯೊಗಳು ಬಂದಿದ್ದವು. ಅವುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲ. ಗೋಡೆಯ ಪ್ಲಗ್ಗಿನ ಒಂದು ತಂತಿ ನೇರ ಒಳಗಿನ ಕಬ್ಬಿಣದ ತಟ್ಟೆಗೇ ಸೇರಿರುತ್ತದೆ. ಮರದ ಪೆಟ್ಟಿಗೆ, ಪ್ಲಾಸ್ಟಿಕ್ ಗುಂಡಿಗಳ ಮರೆಯಲ್ಲಿ ರೇಡಿಯೊವಾಗಿ ಇದ್ದಷ್ಟು ದಿನ ಅಪಾಯವಿರಲಿಲ್ಲ. ಗಿಟಾರಿನ ವೈರು ಆ ತಟ್ಟೆಗೆ ತಾಗಿದರೆ ಗಿಟಾರಿನ ಉಕ್ಕಿನ ತಂತಿಗಳಿಗೇ 230 ವೋಲ್ಟು ಬರಬಹುದು. ಮಳೆಗಾಲದ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತವನ ಗತಿ ಹೇಳಬೇಕಾಗಿಲ್ಲ. ಗುರುತು ಸುಲಭ: ವಾಲ್ವುಗಳ ಹೆಸರು ‘ಇ’ಯ ಬದಲು ‘ಯು’ನಿಂದ, ಉದಾಹರಣೆಗೆ ‘ಯುಎಲ್84’ ಎಂದು, ಶುರುವಾದರೆ ಅದು ಆ ಜಾತಿಯದು. ಅದನ್ನು ರೇಡಿಯೊವಾಗಿಯೇ ಇರಗೊಡಿ. ಟ್ರಾನ್ಸ್‌ಫಾರ್ಮರ್ ಇರುವ ಸೆಟ್ಟಿನಲ್ಲೂ ಪ್ಲಗ್ಗು ಕಿತ್ತ ಮೇಲೆ ಕೆಪಾಸಿಟರುಗಳು ಮುನ್ನೂರು ವೋಲ್ಟಿನ ವಿದ್ಯುತ್ತನ್ನು ಬಹಳ ಹೊತ್ತು ಹಿಡಿದಿಟ್ಟಿರುತ್ತವೆ. ಬಲ್ಲವರ ಕೈಯಲ್ಲದೆ ಬೇರೆ ಕೈ ಅಲ್ಲಿ ಹೋಗಬಾರದು.

ಆ ಬಲ್ಲವರೇ ಕಡಿಮೆಯಾಗುತ್ತಿರುವುದು ನಿಜವಾದ ನಷ್ಟ. ವಾಲ್ವು ಸಾಮಾನ್ಯವಾಗಿ ಬೇಗ ಸಾಯುವುದಿಲ್ಲ. ಸಾಯುವುದು ಮೇಣದ ಕಾಗದದ ಕೆಪಾಸಿಟರು. ಕೊಡಗಿನ ತೇವಕ್ಕೆ ಅದು ನೀರು ಹೀರಿ ಸೋರತೊಡಗುತ್ತದೆ, ಸೋರಿದ ವಿದ್ಯುತ್ತು ಮುಂದಿನ ವಾಲ್ವಿನ ಗ್ರಿಡ್ಡಿಗೆ ಸೇರಿ, ತೂಬಿನ ಹಲಗೆಯನ್ನು ಸದಾ ತೆರೆದಿಟ್ಟಂತಾಗಿ ವಾಲ್ವನ್ನು ಸುಡುತ್ತದೆ. ಹಳೆಯ ರಿಪೇರಿಯವರಿಗೆ ಇದು ಅಂಗೈ ಗೆರೆಯಷ್ಟು ಪರಿಚಿತ. ವರ್ಷಗಟ್ಟಲೆ ಮಲಗಿದ್ದ ಸೆಟ್ಟನ್ನು ಅವರು ನೇರ ಪ್ಲಗ್ಗಿಗೆ ಹಾಕುತ್ತಿರಲಿಲ್ಲ. ಸಾಲಿನಲ್ಲಿ ಒಂದು ನೂರು ವಾಟಿನ ಸಾದಾ ಬಲ್ಬು ಜೋಡಿಸುತ್ತಿದ್ದರು. ಬಲ್ಬು ಒಮ್ಮೆ ಮಿನುಗಿ ಮಂಕಾದರೆ ಒಳಗೆಲ್ಲ ಕ್ಷೇಮ. ಪೂರ್ತಿ ಬೆಳಕಿನಿಂದ ಉರಿಯುತ್ತಲೇ ಇದ್ದರೆ ಕೂಡಲೇ ಆರಿಸಿ, ಮೊದಲು ಕೆಪಾಸಿಟರು, ಆಮೇಲೆ ಟ್ರಾನ್ಸ್‌ಫಾರ್ಮರು ನೋಡುವುದು. ಸುಟ್ಟ ಟ್ರಾನ್ಸ್‌ಫಾರ್ಮರಿಗೆ ಹೊಸದಾಗಿ ತಂತಿ ಸುತ್ತಿಕೊಡುವವರನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಓಣಿಗಳಲ್ಲಿ ವಿಚಾರಿಸಬಹುದು. ಹಳೆಯದರ ಸುತ್ತುಗಳನ್ನು ಎಣಿಸಿಕೊಳ್ಳಬೇಕಾದ್ದರಿಂದ ಅದನ್ನು ಎಸೆಯದೆ ಜೊತೆಗೇ ಒಯ್ಯಬೇಕು.